ಹಾಸಿಗೆ ಹಿಡಿದ ಅಪ್ಪನ ಪಿಂಚಣಿ ಖಾತೆಯನ್ನು ಮಕ್ಕಳು ನೋಡಿಕೊಳ್ಳುವುದು ಹೇಗೆ?

ಅವರ ಬುದ್ಧಿ ನೆಟ್ಟಗಿದೆಯೇ ಎನ್ನುವುದನ್ನು ಮೊದಲು ನೋಡಿ. ನೆಟ್ಟಗಿದ್ದು ಸಹಿ ಮಾತ್ರ ಮಾಡಲಾಗದಿದ್ದರೆ ಹೆಬ್ಬೆಟ್ಟಿನ ಗುರುತು ಸಾಕು. ಅದೂ ಆಗದಿದ್ದರೆ ಕಾಲಿನ ಹೆಬ್ಬೆರಳಿನ ಗುರುತು ನಡೆಯುತ್ತದೆ. ರಿಸರ್ವ್ ಬ್ಯಾಂಕಿನ ಸೂಚನೆಯಂತೆ ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿಗಳು ಬೇಕು, ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಶಾಖೆಗೆ ಲಿಖಿತ ಮನವಿ ಕೊಟ್ಟು ಅಧಿಕಾರಿಯನ್ನು ಮನೆಗೆ ಕರೆಸಿ.

ತಿಂಗಳು ತಿಂಗಳೂ ಇದು ಕಷ್ಟ ಎಂದಾದರೆ ಅಪ್ಪನಿಂದ ಪವರ್ ಆಫ್ ಅಟಾರ್ನಿ, ಅಂದರೆ ಅವರ ಪರವಾಗಿ ವ್ಯವಹರಿಸಲು ನಿಮಗೆ ಅಧಿಕಾರ ಕೊಡುವ ಪತ್ರ, ಬರೆಸಿಕೊಳ್ಳಿ. ಹಣ ತೆಗೆಯುವುದು, ಠೇವಣಿ ನವೀಕರಿಸುವುದು, ತೆರಿಗೆ ಕಾಗದ ಸಲ್ಲಿಸುವುದು ಎಂದು ಪ್ರತಿ ಅಧಿಕಾರವನ್ನೂ ಬಿಡಿಸಿ ಬರೆಸಿ. ಬಹಳಷ್ಟು ಮನೆಗಳಲ್ಲಿ ಎಡವುವುದು ಇಲ್ಲಿಯೇ: ಮರೆವಿನ ಕಾಯಿಲೆ ಬಲಿತ ಮೇಲೆ ಬರೆಸಿದ ಪತ್ರ ಊರ್ಜಿತವಲ್ಲ. ಮೊದಲೇ ಬರೆಸಿದ್ದರೂ, 1872ರ ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ, ಕೊಟ್ಟವರ ಮನಃಸ್ಥಿತಿ ಕೆಟ್ಟರೆ ಅದು ಮುಗಿದಂತೆ. ಆಮೇಲೆ ವೈದ್ಯರ ಪ್ರಮಾಣಪತ್ರ ಹಿಡಿದು ನ್ಯಾಯಾಲಯದಿಂದ ಪಾಲಕರ ನೇಮಕ ಮಾಡಿಸಿಕೊಳ್ಳಬೇಕಾಗುತ್ತದೆ. ಖರ್ಚೂ ಓಡಾಟವೂ ಹೆಚ್ಚು. ಆದ್ದರಿಂದ ತಡಮಾಡಬೇಡಿ.

ಕೇಂದ್ರ ಸರ್ಕಾರದ ಪಿಂಚಣಿಯಾದರೆ ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರ ಕೊಡಬೇಕು. 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಜೀವನ್ ಪ್ರಮಾಣ್ ಆ್ಯಪ್‌ನಲ್ಲಿ ಮುಖ ತೋರಿಸಿದರೆ ಮನೆಯಲ್ಲೇ ಕೆಲಸ ಮುಗಿಯುತ್ತದೆ. ಸವೆದ ಬೆರಳಚ್ಚು ಯಂತ್ರಕ್ಕೆ ಸಿಗದಿರುವ ತೊಂದರೆಯೂ ಇದರಿಂದ ತಪ್ಪುತ್ತದೆ.

ಔಷಧಿ, ಆರೈಕೆಯವರ ಸಂಬಳದ ರಸೀದಿಗಳನ್ನು ಜೋಡಿಸಿಡಿ, ಒಡಹುಟ್ಟಿದವರಿಗೂ ತೋರಿಸಿ. ಖಾತೆದಾರರು ತೀರಿಕೊಂಡ ಮೇಲೆ ಎಟಿಎಂ ಕಾರ್ಡು ಬಳಸಲೇಬೇಡಿ. ಆನಂತರದ ಅವಧಿಗೆ ಜಮೆಯಾದ ಪಿಂಚಣಿಯನ್ನು ಹಿಂತಿರುಗಿಸಬೇಕು.