ಎಡವೋ ಬಲವೋ, ಚುಕ್ಕಿ ಎಲ್ಲಿ ಬಿತ್ತು?

ಸಾಗರ ತಾಲ್ಲೂಕಿನ ಓದುಗರೊಬ್ಬರ ಪತ್ರ: "ಪಿಯುಸಿ ಓದುವ ಮಗಳು ಮೊಬೈಲಿನಲ್ಲಿ ಒಂದಷ್ಟು ಪ್ರಶ್ನೆ ಕೊಟ್ಟು ನನ್ನಿಂದ ಉತ್ತರ ಒತ್ತಿಸಿದಳು. ಕೊನೆಗೆ ಒಂದು ಚೌಕ ಬಂತು. ಅದರ ಎಡಭಾಗದಲ್ಲಿ, ಕೆಳಗೆ, ಒಂದು ಕೆಂಪು ಚುಕ್ಕಿ. 'ಅಪ್ಪಾ, ನೀನು ಎಡಪಂಥೀಯ' ಅಂದಳು. ಪಕ್ಕದಲ್ಲಿದ್ದ ಭಾವ ಬಿದ್ದು ಬಿದ್ದು ನಕ್ಕರು. ಅವರ ಲೆಕ್ಕದಲ್ಲಿ ನಾನು ಪಕ್ಕಾ ಬಲ. ನನಗೆ ಎರಡು ಎಕರೆ ಅಡಿಕೆ ತೋಟವಿದೆ. ಹೊರದೇಶದ ಅಡಿಕೆ ಬರಬಾರದು. ದೇವಸ್ಥಾನದ ಹುಂಡಿಗೆ ಸರಕಾರ ಕೈ ಹಾಕಬಾರದು. ಉಚಿತ ಬಸ್ಸಿನಿಂದ ನಮ್ಮ ಮನೆಯವರಿಗೆ ಅನುಕೂಲವಾಗಿದೆ, ಅದು ಇರಲಿ. ಉಚಿತ ಅಕ್ಕಿ ಬಂದ ಮೇಲೆ ತೋಟಕ್ಕೆ ಆಳು ಸಿಗುವುದಿಲ್ಲ, ಅದು ನಿಲ್ಲಲಿ. ಕನ್ನಡದವರಿಗೇ ಕೆಲಸ ಸಿಗಬೇಕು. ಮಗಳು ಮಾತ್ರ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ. ಹಾಗಾದರೆ ನಾನು ಎಡವೋ ಬಲವೋ? ನೀವು ಯಾವ ಕಡೆ? ಮುಚ್ಚುಮರೆ ಇಲ್ಲದೆ ಹೇಳಿ."

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನಗು ಬಂತು. ಎರಡನೇ ಸಲ ಸ್ವಲ್ಪ ಮುಜುಗರವಾಯಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಈ ಎಡ-ಬಲ ಹುಟ್ಟಿದ್ದು ಕುರ್ಚಿಗಳಿಂದ. 1789ರಲ್ಲಿ ಫ್ರಾನ್ಸಿನ ವರ್ಸೇಲ್ಸ್‌ನಲ್ಲಿ ರಾಷ್ಟ್ರೀಯ ಸಭೆ ಸೇರಿತ್ತು. ಸಭೆ ಮಾಡಿದ ಕಾನೂನನ್ನು ತಡೆಹಿಡಿಯುವ ಅಧಿಕಾರ ರಾಜನಿಗೆ ಇರಬೇಕೋ ಬೇಡವೋ ಅಂತ ಜಗಳ. ಇರಲಿ ಅಂದವರು ಅಧ್ಯಕ್ಷರ ಬಲಕ್ಕೆ ಕೂತರು, ಬೇಡ ಅಂದವರು ಎಡಕ್ಕೆ. ಅಷ್ಟೇ. ಕನ್ನಡಕ್ಕೆ ಬಂದ ಮೇಲೆ ಮಾತ್ರ ಇದು ಇನ್ನಷ್ಟು ಗೋಜಲಾಯಿತು. ನಮ್ಮಲ್ಲಿ ಬಲ ಅಂದರೆ ಶಕ್ತಿಯೂ ಹೌದು. ಮದುಮಗಳು ಬಲಗಾಲಿಟ್ಟೇ ಮನೆ ತುಂಬಬೇಕು. ಎಡ ಅಂದ ಕೂಡಲೇ ನೆನಪಾಗುವುದು ಎಡವಟ್ಟು. ಆಟ ಶುರುವಾಗುವ ಮೊದಲೇ ಒಂದು ಕಡೆಯವರಿಗೆ ಎರಡು ಅಂಕ ಕೊಟ್ಟಂತಾಯಿತು, ಅಲ್ವಾ? ಇನ್ನೊಂದು ತಮಾಷೆ ನೋಡಿ. ಫ್ರಾನ್ಸಿನವರು ಕುರ್ಚಿ ಹಾಕುವುದಕ್ಕಿಂತ ಎಷ್ಟೋ ಮೊದಲೇ ನಮ್ಮಲ್ಲಿ ಎಡಗೈ, ಬಲಗೈ ಅಂತ ಜಾತಿಗಳ ಬಣಗಳಿದ್ದವು. ಒಳಮೀಸಲಾತಿಯ ಸುದ್ದಿಯಲ್ಲಿ ಇವತ್ತಿಗೂ ಎಡ, ಬಲ ಅಂತ ಬಂದರೆ ಅದು ಈ ಹಳೆಯ ಲೆಕ್ಕ.

ನಿಮ್ಮ ಮಗಳು ತೋರಿಸಿದ ಚೌಕವನ್ನು ನಾನು ಬೈಯುವುದಿಲ್ಲ. ಒಂದೇ ಗೆರೆಯ ಮೇಲೆ ಎಲ್ಲರನ್ನೂ ನಿಲ್ಲಿಸಲು ಆಗುವುದಿಲ್ಲ ಅಂತ ಅಮೆರಿಕದ ಡೇವಿಡ್ ನೋಲನ್ 1970ರ ಆಸುಪಾಸಿನಲ್ಲಿ ಎರಡು ಗೆರೆಯ ನಕ್ಷೆ ಮಾಡಿದರು. ಒಂದು ಗೆರೆ ಹಣಕಾಸಿನ ಸ್ವಾತಂತ್ರ್ಯಕ್ಕೆ, ಇನ್ನೊಂದು ಖಾಸಗಿ ಬದುಕಿನ ಸ್ವಾತಂತ್ರ್ಯಕ್ಕೆ. ಈಗ ಫೋನಿನಲ್ಲಿ ಓಡಾಡುವ ಚೌಕಗಳೂ ಅದೇ ಜಾತಿಯವು. ಆದರೆ ನೀವು ಕಳಿಸಿದ ಸ್ಕ್ರೀನ್‌ಶಾಟ್‌ಗಳಲ್ಲಿ ಜಾತಿಯ ಬಗ್ಗೆ ಒಂದೂ ಪ್ರಶ್ನೆ ಇಲ್ಲ. ಭಾಷೆಯ ಬಗ್ಗೆಯೂ ಇಲ್ಲ. ಇವೆರಡನ್ನು ಬಿಟ್ಟು ಕರ್ನಾಟಕದ ರಾಜಕೀಯ ಅಳೆಯುವುದು ಉಪ್ಪು-ಹುಳಿ ಹಾಕದೆ ಸಾರು ಮಾಡಿದ ಹಾಗೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ. 'ಬಡವರಿಗೆ ಸರಕಾರ ನೆರವಾಗಬೇಕೇ' ಅಂತ ಕೇಳಿದರೆ ಹೌದು ಅಂತ ಒತ್ತಲು ನಮ್ಮ ಕಿಸೆಯಿಂದ ಏನೂ ಹೋಗುವುದಿಲ್ಲ.

ಹೋಗುವಾಗ ಏನಾಗುತ್ತದೆ ಅಂತ ನಮ್ಮ ಮನೆಯಲ್ಲೇ ನೋಡಿದ್ದೇವೆ. ನಾವು ಕರಾವಳಿಯವರು. ನಿಮ್ಮೂರ ಪಕ್ಕದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದರಲ್ಲ, ಗೇಣಿ ಅಳೆಯುವ ಕೊಳಗ ದೊಡ್ಡದಾಯಿತು ಅಂತ ಶುರುವಾದ ಜಗಳ, ಆ ಕತೆ ನಮ್ಮ ಅಜ್ಜನಿಗೆ ಬಾಯಿಪಾಠ. ಗಣಪತಿಯಪ್ಪನವರು ಏನು ಮಾಡಿದರು, ಗೋಪಾಲಗೌಡರು ಹೇಗೆ ನಿಂತರು, ಸಮಾಜವಾದಿ ನಾಯಕ ಲೋಹಿಯಾ ಬಂದು ಜೈಲಿಗೆ ಹೋದದ್ದು ಹೇಗೆ, ಎಲ್ಲವನ್ನೂ ಜಗಲಿಯಲ್ಲಿ ಕೂತು ಬಂದವರಿಗೆಲ್ಲ ಹೇಳುತ್ತಿದ್ದರಂತೆ. ಉಳುವವನಿಗೇ ಭೂಮಿ ಸಿಗಬೇಕು ಅಂತ ವಾದ ಬೇರೆ.

1974ರಲ್ಲಿ ದೇವರಾಜ ಅರಸರ ಸರಕಾರ ಭೂ ಸುಧಾರಣೆ ಕಾನೂನಿಗೆ ತಂದ ತಿದ್ದುಪಡಿ ಜಾರಿಗೆ ಬಂತು. ನಮ್ಮ ನಾಲ್ಕು ಎಕರೆ ಗದ್ದೆ ಮಾಡುತ್ತಿದ್ದ ಗೇಣಿದಾರರು 7ನೇ ನಂಬರ್ ಫಾರಂ ತುಂಬಿ ಅರ್ಜಿ ಹಾಕಿದರು. ಗದ್ದೆ ಅವರದಾಯಿತು. ಅಜ್ಜ ಆಮೇಲೆ ಕಾಗೋಡಿನ ಹೆಸರೇ ಎತ್ತಲಿಲ್ಲವಂತೆ. ಅವರು ಹೋದ ಮೇಲೆ ಟ್ರಂಕು ತೆಗೆದರೆ ಭೂ ನ್ಯಾಯಮಂಡಳಿಯ ನೋಟೀಸು ಎಂಟು ಮಡಿಕೆಯಾಗಿ ಪಂಚೆಯ ಅಡಿಯಲ್ಲಿತ್ತು. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ವರ್ಷವಾರು ಲೆಕ್ಕ: ಆ ಗದ್ದೆಯಿಂದ ಬರಬೇಕಿದ್ದ ಅಕ್ಕಿ ಎಷ್ಟು ಮುಡಿ ಅಂತ. ಬರುವುದು ನಿಂತ ಮೇಲೂ ಆರು ವರ್ಷ ಲೆಕ್ಕ ಬರೆದಿದ್ದರು.

ಅಜ್ಜ ಎಡದಿಂದ ಬಲಕ್ಕೆ ಹೋದರು ಅಂತ ಮನೆಯಲ್ಲಿ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅವರು ಮೊದಲಿನಿಂದ ಎಲ್ಲಿದ್ದರೋ ಅಲ್ಲೇ ಇದ್ದರು. ಗೊತ್ತಾಗಿದ್ದು ಆಗ. ಆ ಕಡೆಯವರ ಕತೆಯೂ ಬೇರೆಯಲ್ಲ. ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತ 2020ರಲ್ಲಿ ಕಾನೂನು ಬದಲಾದಾಗ ರೈತ ಸಂಘಟನೆಗಳು ಬೀದಿಗಿಳಿದವು. ಅದೇ ಗೇಣಿದಾರರ ಮೊಮ್ಮಗನಿಗೆ ಮಾತ್ರ ಖುಷಿ. "ಇನ್ನು ಒಳ್ಳೆ ರೇಟ್ ಬರ್ತದೆ ಮಾರಾಯ್ರೇ" ಅಂದ.

ಈಗ ನಿಮ್ಮ ಪಟ್ಟಿಗೆ ಬರೋಣ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು (ಅದಕ್ಕಿಂತ ಅಗ್ಗದ ಹೊರದೇಶದ ಅಡಿಕೆ ಒಳಗೆ ಬರುವಂತಿಲ್ಲ) ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಸರಕಾರ ವ್ಯಾಪಾರದಲ್ಲಿ ತಲೆ ಹಾಕಬಾರದು ಅನ್ನುವ ನನ್ನ ಗೆಳೆಯರೂ, ತೋಟ ಇದ್ದವರು, ಇದು ಸಾಲದು ಅಂದರು. ಬಂದರಿನಲ್ಲಿ ಸರಕಾರ ಇರಬೇಕು, ಹುಂಡಿಯ ಹತ್ತಿರ ಇರಬಾರದು ಅನ್ನುವುದು ಅಂಥಾ ವಿಚಿತ್ರವೇನಲ್ಲ. ರೈತ ನಾಯಕರಲ್ಲೇ ನೋಡಿ. ನಮ್ಮ ನಂಜುಂಡಸ್ವಾಮಿಯವರು ಡಂಕೆಲ್ ಪ್ರಸ್ತಾವವನ್ನು, ಅಂದರೆ ಜಾಗತಿಕ ವ್ಯಾಪಾರ ಒಪ್ಪಂದದ ಕರಡನ್ನು, ಬೀದಿಯಲ್ಲಿ ನಿಂತು ವಿರೋಧಿಸಿದರು. ಅದೇ ಹೊತ್ತಿಗೆ ಮಹಾರಾಷ್ಟ್ರದ ಶರದ್ ಜೋಶಿ ಅದನ್ನು ಸ್ವಾಗತಿಸಿದರು, ಮುಕ್ತ ಮಾರುಕಟ್ಟೆಯಿಂದಲೇ ರೈತ ಉದ್ಧಾರ ಅಂದರು. ಇಬ್ಬರೂ ಕೇಳಿದ್ದು ಬೆಳೆಗೆ ಸರಿಯಾದ ಬೆಲೆ.

ಇಂಗ್ಲಿಷ್ ಮೀಡಿಯಂ ವಿಷಯ ಬಿಡಿ. ಕನ್ನಡ ಹೋರಾಟಗಾರರ ಮನೆಗಳಲ್ಲೂ ಅದೇ ಕತೆ. ಸ್ಥಳೀಯರಿಗೆ ಉದ್ಯೋಗದ ಮಸೂದೆಯನ್ನು 2024ರ ಜುಲೈನಲ್ಲಿ ರಾಜ್ಯ ಸಂಪುಟ ಒಪ್ಪಿ, ಗಲಾಟೆಯಾದ ಮೇಲೆ ತಡೆಹಿಡಿಯಿತು. ಅದನ್ನು ಎಡ ಅನ್ನಬೇಕೋ ಬಲ ಅನ್ನಬೇಕೋ ನನಗಂತೂ ತಿಳಿಯಲಿಲ್ಲ.

ನಾನು ತಡೆದು ನಿಂತದ್ದು ಬಸ್ಸು ಮತ್ತು ಅಕ್ಕಿಯ ಹತ್ತಿರ. ಬೇಜಾರು ಮಾಡಿಕೊಳ್ಳಬೇಡಿ. 2013ರ ಅನ್ನಭಾಗ್ಯ, 2023ರ ಶಕ್ತಿ ಯೋಜನೆ, ಎರಡಕ್ಕೂ ದುಡ್ಡು ಬರುವುದು ಜನರ ತೆರಿಗೆಯಿಂದಲೇ. ಒಂದು ನಿಮ್ಮ ಮನೆಗೆ ಬರುತ್ತದೆ. ಇನ್ನೊಂದು ನಿಮ್ಮ ಆಳಿನ ಮನೆಗೆ ಹೋಗುತ್ತದೆ. ಮನೆಯಲ್ಲಿ ಅಕ್ಕಿ ಇದೆ ಅನ್ನುವ ಧೈರ್ಯಕ್ಕೆ ಆತ 'ಈ ಕೂಲಿಗೆ ಬರಲ್ಲ ಒಡೆಯರೇ' ಅನ್ನುತ್ತಾನೆ. ವರ್ಸೇಲ್ಸ್‌ನ ಜಗಳವೂ ಇದೇ ಅಲ್ವಾ? ಬೇಡ ಅನ್ನುವ ಅಧಿಕಾರ ಯಾರ ಕೈಯಲ್ಲಿರಬೇಕು? ನಿಮ್ಮ ಚುಕ್ಕಿಯನ್ನು ನಾನು ಇಲ್ಲಿ ಹುಡುಕುತ್ತೇನೆ. ಅಡಿಕೆಯ ವಿಷಯದಲ್ಲಿ ಮಗಳು ಹೇಳಿದ್ದು ಸರಿ. ಹುಂಡಿ ಮತ್ತು ಅಕ್ಕಿಯ ವಿಷಯದಲ್ಲಿ ಭಾವ ಹೇಳಿದ್ದು ಸರಿ. ಎರಡನ್ನೂ ಸೇರಿಸಿ ಸರಾಸರಿ ತೆಗೆದರೆ ಮಧ್ಯದಲ್ಲಿ ಎಲ್ಲೋ ಬೀಳುತ್ತೀರಿ, ಆದರೆ ಅಲ್ಲಿ ನೀವು ಇಲ್ಲ.

ಇನ್ನು ನಾನು ಯಾವ ಕಡೆ ಅಂತ ಕೇಳಿದ್ದೀರಿ. 2019ರಲ್ಲಿ ನ್ಯೂಸ್‌ಪ್ರಿಂಟ್ (ಪತ್ರಿಕೆ ಅಚ್ಚು ಹಾಕುವ ಕಾಗದ) ಆಮದಿಗೆ ಶೇ. 10 ಸುಂಕ ಬಿತ್ತು. ಪತ್ರಿಕೆಗಳ ಕುತ್ತಿಗೆ ಹಿಸುಕುತ್ತಿದ್ದಾರೆ ಅಂತ ಇದೇ ಪುಟದಲ್ಲಿ ಉದ್ದಕ್ಕೆ ಬರೆದೆ. ಮರುವರ್ಷ ಶೇ. 5ಕ್ಕೆ ಇಳಿಸಿದಾಗ ಸಮಾಧಾನವಾಯಿತು. ನಿಮ್ಮ ಜಿಲ್ಲೆಯ ಭದ್ರಾವತಿಯಲ್ಲಿ ಒಂದು ಕಾಲಕ್ಕೆ ನ್ಯೂಸ್‌ಪ್ರಿಂಟ್ ತಯಾರಾಗುತ್ತಿತ್ತು, ಆ ಕಾರ್ಖಾನೆಯ ಯಂತ್ರಗಳು ಅಷ್ಟರಲ್ಲಿ ನಿಂತು ಹೋಗಿದ್ದವು. ಅಲ್ಲಿ ದುಡಿದಿದ್ದ ಓದುಗರೊಬ್ಬರು ಒಂದು ಕಾರ್ಡು ಬರೆದರು: "ಅಡಿಕೆಗೆ ಸುಂಕ ಹಾಕಿದರೆ ಹೊಗಳುತ್ತೀರಿ. ಕಾಗದಕ್ಕೆ ಹಾಕಿದರೆ ಬೈಯುತ್ತೀರಿ. ಕಾಗದ ಮಾಡುವವರೂ ನಿಮ್ಮ ಚಂದಾದಾರರೇ ಸ್ವಾಮಿ."

ಆ ಕಾರ್ಡನ್ನು ನಾನು ಅಚ್ಚು ಹಾಕಲಿಲ್ಲ. ಮಡಚಿ ಮೇಜಿನ ಖಾನೆಯಲ್ಲಿ ಇಟ್ಟಿದ್ದೇನೆ.