ಪೈಪಿನ ನೀರು ತಿಳಿ, ಹೊಳೆ ಯಾಕೆ ನಾರುತ್ತದೆ?

ನಮಸ್ಕಾರ. ಕಾವೇರಿ ಕೊಳ್ಳದ ನಿಮ್ಮ ಊರಿನ ಕೊಳಚೆ ನೀರು ಶುದ್ಧೀಕರಣ ಘಟಕದ ಬಗ್ಗೆ ಬರೆದಿದ್ದೀರಿ. ಪೈಪಿನಿಂದ ತಿಳಿನೀರೇ ಬರುತ್ತಿದೆ, ವರದಿಯಲ್ಲೂ ಎಲ್ಲ ಮಿತಿಯೊಳಗಿದೆ, ಆದರೂ ಏಪ್ರಿಲ್‌ನಲ್ಲಿ ಹೊಳೆ ನಾರುತ್ತದೆ, ಬೆಳಗಾಗುವಷ್ಟರಲ್ಲಿ ಮೀನು ಸತ್ತು ತೇಲುತ್ತವೆ, ಹಾಗಾದ್ರೆ ಸುಳ್ಳು ಹೇಳ್ತಿರೋದು ಯಾರು ಅಂತ ಕೇಳಿದ್ದೀರಿ.

ಯಾರೂ ಸುಳ್ಳು ಹೇಳದೆಯೂ ಹೊಳೆ ಸಾಯಬಹುದು. ನನಗೆ ಸಂಕಟ ಆಗೋದೇ ಅದಕ್ಕೆ.

ವರದಿಯಲ್ಲಿ ಬಿಒಡಿ ಅಂತ ಒಂದು ಸಾಲು ಇರುತ್ತದೆ, ನೋಡಿ. ನೀರಿನಲ್ಲಿರುವ ಕೊಳೆಯನ್ನು ತಿಂದು ಮುಗಿಸಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಅನ್ನೋ ಲೆಕ್ಕ ಅದು. ದೊಡ್ಡ ನಗರಗಳನ್ನು ಬಿಟ್ಟು ಉಳಿದ ಊರುಗಳ ಘಟಕಗಳಿಗೆ ಕೇಂದ್ರ ಪರಿಸರ ಸಚಿವಾಲಯ 2017ರಲ್ಲಿ ಇಟ್ಟ ಮಿತಿ ಲೀಟರಿಗೆ 30 ಮಿಲಿಗ್ರಾಂ. ಜನ ಸ್ನಾನ ಮಾಡುವ ನದಿಯಲ್ಲಿ ಅದು 3 ದಾಟಬಾರದು. ಅಂದ್ರೆ ಘಟಕದಿಂದ ಬಂದ ಒಂದು ಪಾಲು ನೀರಿಗೆ ಮೇಲಿನಿಂದ ಹತ್ತು ಪಾಲಿಗಿಂತ ಜಾಸ್ತಿ ಒಳ್ಳೇ ನೀರು ಬಂದು ಸೇರಬೇಕು. ಮಳೆಗಾಲದಲ್ಲಿ ಸೇರುತ್ತದೆ. ಬೇಸಿಗೆಯಲ್ಲಿ ಎಲ್ಲಿಂದ ಬರಬೇಕು? ಮೇಲೆ ಕಟ್ಟೆ, ಪಂಪ್‌ಸೆಟ್ಟು, ಮರಳು ತೆಗೆದ ಗುಂಡಿ. ಆಗ ಹೊಳೆಯಲ್ಲಿ ಹರಿಯೋದು ಘಟಕದ ನೀರೇ. ರಾತ್ರಿ ಪಾಚಿಯೂ ಆಮ್ಲಜನಕ ಎಳೆದುಕೊಳ್ಳುತ್ತದೆ, ನಸುಕಿನ ಹೊತ್ತಿಗೆ ನೀರಿನ ಆಮ್ಲಜನಕ ತಳ ಮುಟ್ಟಿರುತ್ತದೆ. ನಿಮ್ಮ ಮೀನುಗಳು ಬೆಳಿಗ್ಗೆ ತೇಲೋದಕ್ಕೆ ಇದೇ ಕಾರಣ ಇರಬಹುದು.

ಇದು ಘಟಕ ಸರಿಯಾಗಿ ನಡೆದಾಗಿನ ಮಾತು. ಕೆಟ್ಟಾಗ ಗೊತ್ತಾಗೋದು ಹೇಗೆ ಅಂದ್ರೆ, ಗಾಳಿ ಊದುವ ತೊಟ್ಟಿ ಹತ್ತಿರ ಹೋಗಿ ನಿಲ್ಲಿ. ನೀರು ಕಂದು ಬಣ್ಣಕ್ಕಿದ್ದು ಹಸಿಮಣ್ಣಿನ ವಾಸನೆ ಬಂದರೆ ಸೂಕ್ಷ್ಮಜೀವಿಗಳು ಆರೋಗ್ಯವಾಗಿವೆ. ಕಪ್ಪಾಗಿ, ಕೊಳೆತ ಮೊಟ್ಟೆಯ ನಾತ ಹೊಡೆದರೆ ಗಾಳಿ ಸಾಲುತ್ತಿಲ್ಲ. ಆಪರೇಟರ್‌ಗೆ ಹೇಳಿ ಆ ತೊಟ್ಟಿಯ ನೀರನ್ನೇ ಒಂದು ಲೀಟರ್ ಗಾಜಿನ ಜಾಡಿಯಲ್ಲಿ ಹಿಡಿಸಿ, ಅರ್ಧ ಗಂಟೆ ಅಲುಗಾಡಿಸದೆ ಇಡಿಸಿ. ಕೆಸರು ಕೆಳಗಿಳಿದು ಮೇಲೆ ತಿಳಿನೀರು ನಿಂತರೆ ಸರಿ, ಇಲ್ಲದಿದ್ದರೆ ಅದೇ ಕೆಸರು ಹೊಳೆಗೆ ಹೋಗುತ್ತಿದೆ ಅಂತಾನೇ ಲೆಕ್ಕ. ಒಳ್ಳೆಯ ಆಪರೇಟರ್‌ಗಳು ಇದನ್ನು ಯಾರೂ ಹೇಳದೇನೇ ದಿನಾ ಮಾಡುತ್ತಾರೆ. ಅವರಿಗೆ ಸರಿಯಾದ ಸಂಬಳ, ಗ್ಲೌಸು, ಬೂಟು ಸಿಗಬೇಕು ಅಂತಲೂ ನೀವೆಲ್ಲ ಕೇಳಬೇಕು.

ಇನ್ನೊಂದು, ಘಟಕಕ್ಕೆ ಬಂದೇ ಇಲ್ಲದ ಕೊಳಚೆ ಯಾವ ವರದಿಯಲ್ಲೂ ಇರುವುದಿಲ್ಲ. ಯುಜಿಡಿ, ಅಂದ್ರೆ ನೆಲದಡಿಯ ಒಳಚರಂಡಿ ಇದ್ದರೂ ಎಷ್ಟೋ ಮನೆಗಳ ಬಚ್ಚಲು ನೀರು ಬೀದಿಯ ತೆರೆದ ಚರಂಡಿಗೇ ಹೋಗುತ್ತದೆ. ಕರೆಂಟ್ ಹೋಗಿ ವೆಟ್‌ವೆಲ್ (ಕೊಳಚೆ ಬಂದು ತುಂಬಿ, ಅಲ್ಲಿಂದ ಘಟಕಕ್ಕೆ ಎತ್ತುವ ಬಾವಿ) ಪಂಪು ನಿಂತರೆ ಅಷ್ಟೂ ಕೊಳಚೆ ಉಕ್ಕಿ ನೇರ ಹೊಳೆಗೆ. ಶೌಚಾಲಯದ ಪಿಟ್ ಖಾಲಿ ಮಾಡುವ ಲಾರಿ ರಾತ್ರಿ ಎಲ್ಲಿಗೆ ಹೋಗುತ್ತದೆ ಅಂತ ಯಾರಾದರೂ ವಿಚಾರಿಸಿದ್ದಾರಾ? ದೇವನಹಳ್ಳಿಯಲ್ಲಿ ಈ ಪಿಟ್ ಕೆಸರಿಗೆಂದೇ 2015ರಲ್ಲಿ ಒಂದು ಪುಟ್ಟ ಘಟಕ ಶುರುವಾಯಿತು, ಕೆಸರನ್ನು ಗೊಬ್ಬರ ಮಾಡಿದರು. ಸಣ್ಣ ಊರಿಗೆ ಆಗಲ್ಲ ಅನ್ನೋ ಮಾತನ್ನು ನಾನು ಒಪ್ಪಲ್ಲ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಕೊಟ್ಟ ಕಲುಷಿತ ನದಿಗಳ ಪಟ್ಟಿಯಲ್ಲಿ ಕರ್ನಾಟಕದವು 17. ಲಕ್ಷ್ಮಣತೀರ್ಥ, ಕಬಿನಿ, ಶಿಂಷಾ ಎಲ್ಲ ಅದರಲ್ಲಿವೆ. ಆದ್ದರಿಂದ ನಿಮ್ಮ ಪುರಸಭೆಯಲ್ಲಿ ಮೂರು ಲೆಕ್ಕ ಕೇಳಿ: ಎಷ್ಟು ಮನೆಗೆ ಯುಜಿಡಿ ಕನೆಕ್ಷನ್ ಇದೆ, ವೆಟ್‌ವೆಲ್ ಜನರೇಟರಿಗೆ ತಿಂಗಳಿಗೆ ಎಷ್ಟು ಡೀಸೆಲ್ ಹಾಕಿದ್ದಾರೆ, ಬೇಸಿಗೆಯ ಮೂರು ತಿಂಗಳಾದರೂ ಘಟಕದ ನೀರನ್ನು ಹೊಳೆಗೆ ಬಿಡದೆ ತೋಟಕ್ಕೋ ನೆಡುತೋಪಿಗೋ ಕೊಡಬಹುದಾ. ಉತ್ತರ ಬಂದರೆ ನಮಗೂ ಕಳಿಸಿ, ಅಚ್ಚು ಹಾಕುತ್ತೇವೆ.

– ಸಂ.