ಗುಟ್ಟು ಅವಳದು, ಚಿಕಿತ್ಸೆ ಈಗಲೇ ಆಗಲಿ

ಪ್ರಶ್ನೆ: ನನ್ನ ನಾದಿನಿಗೆ 24 ವರ್ಷ. ಎರಡು ವರ್ಷದ ಹಿಂದೆ ನೆಂಟನೊಬ್ಬ ಅತ್ಯಾಚಾರ ಮಾಡಿದ್ದನ್ನು ಮೊನ್ನೆ ನನ್ನೊಬ್ಬಳಿಗೇ ಹೇಳಿದಳು. ಅಡಿಕೆ ಸುಲಿಯಲು ಕೂತರೆ ಮೆಟ್ಟುಗತ್ತಿ ಮುಂದೆ ಸುಮ್ಮನೆ ಕೂತೇ ಇರುತ್ತಾಳೆ. ಅಟ್ಟ ಹತ್ತುವುದೇ ಇಲ್ಲ. ಅತ್ತೆ ಇದನ್ನು ಸೋಮಾರಿತನ ಅಂತಾರೆ, ಮದುವೆಯಾದರೆ ಸರಿಹೋಗುತ್ತದಂತೆ. ಮನೆಯಲ್ಲಿ ಹೇಳಿಬಿಡಲೇ?
– ಓದುಗಿ, ಶಿರಸಿ ತಾಲ್ಲೂಕು

ಉತ್ತರ: ಅವಳನ್ನು ಕೇಳದೆ ಯಾರಿಗೂ ಹೇಳಬೇಡಿ, ನಿಮ್ಮ ಯಜಮಾನರಿಗೂ. ನಂಬಿ ಹೇಳಿದ ಮಾತು ಕೈತಪ್ಪಿದರೆ ಅವಳು ಮತ್ತೆ ಬಾಯಿ ಬಿಡಲಿಕ್ಕಿಲ್ಲ. ಮನೆಯವರಿಗೆ ‘ಅವಳಿಗೆ ಖಿನ್ನತೆ ಇದ್ದಂತಿದೆ, ಡಾಕ್ಟರಿಗೆ ತೋರಿಸಬೇಕು, ಮದುವೆ ಮಾತು ಸದ್ಯಕ್ಕೆ ಬೇಡ’ ಎಂದರೆ ಸಾಕು.

ಎರಡು ವಾರಕ್ಕೂ ಹೆಚ್ಚು ದಿನವಿಡೀ ಬೇಸರ ಅಥವಾ ನಿರಾಸಕ್ತಿ ಇದ್ದು, ಜೊತೆಗೆ ನಿದ್ದೆ, ಊಟ, ಗಮನ ಕೆಟ್ಟಿದ್ದರೆ ಅದು ಸೋಮಾರಿತನವಲ್ಲ, ಕಾಯಿಲೆ. ಅದು ನಡೆದದ್ದು ಅಟ್ಟದಲ್ಲೇ ಆಗಿದ್ದರೆ, ಅಟ್ಟ ಹತ್ತದಿರುವುದು ಬೇರೆಯೇ ಗುರುತು, ಮನಸ್ಸಿಗಾದ ಆಘಾತದ್ದು. ನೆನಪು ಕೆದಕುವ ಜಾಗ, ಜನ ತಪ್ಪಿಸುತ್ತ ಹೋದಂತೆ ಬದುಕು ಕಿರಿದಾಗುತ್ತದೆ, ಖಿನ್ನತೆ ಬೇರೂರುತ್ತದೆ. ‘ನಾನ್ಯಾಕೆ ಕೂಗಲಿಲ್ಲ’ ಎಂಬ ಕೊರಗು ಅದಕ್ಕೆ ಗೊಬ್ಬರ. ವಿಪರೀತ ಭಯದಲ್ಲಿ ಮೈ ಮರಗಟ್ಟಿ ದನಿಯೇ ಹೊರಡದಿರಬಹುದು, ಅದು ಒಪ್ಪಿಗೆಯಲ್ಲ. ಇದನ್ನು ಅವಳಿಗೆ ಬಿಡಿಸಿ ಹೇಳಿ, ಒಂದಲ್ಲ ಹತ್ತು ಸಲ.

ಡಾಕ್ಟರ ಹತ್ತಿರ ಬರೀ ‘ನಿದ್ದೆ ಬರುವುದಿಲ್ಲ’ ಎಂದರೆ ನಿದ್ದೆಮಾತ್ರೆ ಬರೆದುಕೊಟ್ಟು ಕಳಿಸಿಯಾರು. ‘ನನ್ನ ಮೇಲೆ ದೌರ್ಜನ್ಯ ಆಗಿತ್ತು’ ಎಂಬ ಒಂದು ವಾಕ್ಯ ಸೇರಿಸಲಿ, ವಿವರ ಮೊದಲ ದಿನವೇ ಬೇಕಿಲ್ಲ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ವಾರ ಬರುತ್ತಾರೆಂದು ವಿಚಾರಿಸಿ, ಇಲ್ಲವೇ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕರೆದೊಯ್ಯಿರಿ. ಪರಿಚಯದವರು ನೋಡಿಯಾರೆಂಬ ಅಳುಕಿದ್ದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಲಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಸಿಗುತ್ತಾರೆ.

ಖಿನ್ನತೆಯ ಮಾತ್ರೆಯ ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಮೊದಲ ವಾರವೇ ಹೊಟ್ಟೆ ತೊಳಸಬಹುದು, ಎಷ್ಟೋ ಜನ ಮಾತ್ರೆ ಬಿಟ್ಟುಬಿಡುವುದು ಆಗಲೇ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕಾಗುತ್ತದೆ, ಥಟ್ಟನೆ ನಿಲ್ಲಿಸಿದರೆ ತಲೆಸುತ್ತು ಬರಬಹುದು. ಆಘಾತಕ್ಕೆ ಮಾತ್ರೆಯಷ್ಟೇ ಸಾಲದು, ಅದಕ್ಕೆಂದೇ ಇರುವ ಮಾತಿನ ಚಿಕಿತ್ಸೆಯೂ ಬೇಕು.

‘ಸಾಯಬೇಕು ಅನಿಸುತ್ತಾ?’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬಳನ್ನೇ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ತೋಟದ ಮನೆ ಅಂದ ಮೇಲೆ ಮೈಲುತುತ್ತ, ಕಳೆನಾಶಕ ಇದ್ದೇ ಇರುತ್ತವೆ. ಈಗಲೇ ಬೀಗ ಹಾಕಿ ಕೀಲಿ ನೀವು ಇಟ್ಟುಕೊಳ್ಳಿ.

ಪೊಲೀಸ್ ದೂರು ಅವಳ ಇಷ್ಟ. ಅತ್ಯಾಚಾರದ ದೂರಿಗೆ ಕಾಲಮಿತಿಯಿಲ್ಲ, ದೂರು ಕೊಟ್ಟರೆ ಮಾತ್ರ ಚಿಕಿತ್ಸೆ ಎಂಬ ನಿಯಮವೂ ಇಲ್ಲ.

ಆ ನೆಂಟ ಈಗಲೂ ಮನೆಗೆ ಬಂದುಹೋಗುತ್ತಾನೆಯೇ ಎಂದು ನೀವು ಬರೆದಿಲ್ಲ. ಬರುವುದಿದ್ದರೆ, ಅಂಥ ದಿನಗಳಲ್ಲಿ ನಿಮ್ಮ ಜೊತೆ ತವರಿಗೆ ಬರುತ್ತಾಳೋ ಎಂದು ಇವತ್ತೇ ಕೇಳಿ.